ದಾರ ಹಿಡಿದು ಅಳೆದ ಸೇತುಸಮುದ್ರ

(ಮಾಟುಂಗದಲ್ಲಿ ಒಂದು ಭಾನುವಾರ ಸಂಜೆ ಆಡಿದ ಮಾತುಗಳ ಬರಹ ರೂಪ. ಅಂದು ಅವಸರದಲ್ಲಿ ನುಂಗಿದ ವಾಕ್ಯಗಳನ್ನು ಪೂರ್ತಿ ಮಾಡಿದ್ದೇನೆ. ವಿಷಯಾಂತರಗಳನ್ನು ಮಾತ್ರ ಹಾಗೇ ಬಿಟ್ಟಿದ್ದೇನೆ. ಕಾಫಿ ಕುಡಿಯುವಾಗ ಎಲ್ಲರೂ ನನ್ನನ್ನು ಹಿಡಿದು ಕೇಳಿದ್ದು ಅವನ್ನೇ.)

ಹಿರಿಯರೆ, ಗೆಳೆಯರೆ,

ತಡವಾದದ್ದಕ್ಕೆ ಮೊದಲು ಕ್ಷಮೆ ಇರಲಿ. ರಿಪೇರಿಗೆಂದು ಲೋಕಲ್ ರೈಲು ತಡೆಯುವ ಭಾನುವಾರದ ಮೆಗಾಬ್ಲಾಕ್ ಏನೆಂದು ಡೊಂಬಿವಲಿಯಿಂದ ಬಂದವರಿಗೆ ನಾನು ಹೇಳಬೇಕಾಗಿಲ್ಲ. ಅದರ ಮೇಲೆ ಸ್ಟೇಷನ್ನಿನ ಹೊರಗೆ ಹೂವಿನವಳ ಹತ್ತಿರ ಐದು ನಿಮಿಷ ನಿಂತೆ. "ಹೂ ಬೇಡಮ್ಮ, ಕಟ್ಟುವ ದಾರ ಮಾತ್ರ ಕೊಡು" ಅಂದೆ. ನನ್ನನ್ನು ಮೇಲಿಂದ ಕೆಳಗೆ ನೋಡಿ, ಒಂದು ಮೊಳಕ್ಕಿಂತ ಹೆಚ್ಚೇ ಕೊಟ್ಟಳು, ದುಡ್ಡು ತಗೊಳ್ಳಲಿಲ್ಲ. ಆ ದಾರವೇ ಇವತ್ತು ನನ್ನ ಪ್ರೊಜೆಕ್ಟರು.

ನಾನು ಇಂಜಿನಿಯರ್ ಅಲ್ಲ, ಹಡಗಿನ ಕ್ಯಾಪ್ಟನ್ನೂ ಅಲ್ಲ. ಬಲ್ಲಾರ್ಡ್ ಎಸ್ಟೇಟಿನ ಒಂದು ಶಿಪ್ಪಿಂಗ್ ಏಜೆನ್ಸಿಯಲ್ಲಿ ಬಿಲ್ಲು ಬರೆದು ಬೆನ್ನು ಬಗ್ಗಿದವನು. ಹಡಗು ಬಂದರಿಗೆ ಬಂದರೆ ದಾರಿ ತೋರುವ ಪೈಲಟ್ಟಿಗೆ ಎಷ್ಟು, ಎಳೆಯುವ ಟಗ್ಗಿಗೆ ಎಷ್ಟು, ನಿಲ್ಲುವ ಬರ್ತಿಗೆ ಎಷ್ಟು, ಕುಡಿಯುವ ನೀರಿಗೆ ಎಷ್ಟು, ಬಂಕರ್ ಎಣ್ಣೆಗೆ ಎಷ್ಟು, ಎಲ್ಲ ಸೇರಿಸಿ ಮಾಲಿಕನಿಗೆ ಲೆಕ್ಕ ಕಳಿಸುವುದು ನನ್ನ ಕೆಲಸವಾಗಿತ್ತು. ಮಾಲಿಕ ಗ್ರೀಸಿನಲ್ಲೋ ನಾರ್ವೆಯಲ್ಲೋ ಇರುತ್ತಿದ್ದ. ಹಡಗು ಯಾವ ದೇವರ ಊರಿಗೆ ಹೋಯಿತೆಂದು ಅವನು ಒಂದು ದಿನವೂ ಕೇಳಿದ್ದಿಲ್ಲ. ಎಷ್ಟು ಗಂಟೆ ನಿಂತಿತು ಎಂದು ಮಾತ್ರ ಕೇಳುತ್ತಿದ್ದ.

ಭಾರತಕ್ಕೂ ಶ್ರೀಲಂಕಾಕ್ಕೂ ನಡುವಿನ ಕಡಲಲ್ಲಿ ಹಡಗಿಗೆ ಕಾಲುವೆ ತೋಡುವ ಸೇತುಸಮುದ್ರ ಯೋಜನೆಯ ಹೆಸರು ತೆಗೆದ ಕೂಡಲೇ ನಮ್ಮಲ್ಲಿ ಎರಡು ಬಣ ಎದ್ದು ನಿಲ್ಲುತ್ತವೆ. ರಾಮ ಕಟ್ಟಿದ ಸೇತುವೆಯನ್ನು ಒಡೆಯಲು ಹೊರಟರು ಅಂತ ಒಂದು, ರಾಮನ ಹೆಸರಿನಲ್ಲಿ ದೇಶದ ಅಭಿವೃದ್ಧಿ ನಿಲ್ಲಿಸಿದರು ಅಂತ ಇನ್ನೊಂದು. ಇಬ್ಬರೂ ಒಂದು ವಿಷಯದಲ್ಲಿ ಒಮ್ಮತದಲ್ಲಿದ್ದಾರೆ: ಆ ಕಾಲುವೆ ಆಗಿದ್ದರೆ ಹಡಗುಗಳು ಸಾಲುಗಟ್ಟಿ ಬರುತ್ತಿದ್ದವು ಎಂಬುದರಲ್ಲಿ. ನನಗೆ ಅನುಮಾನ ಇರುವುದೇ ಅಲ್ಲಿ.

ಮೊದಲು ಕಾಲುವೆ ಎಂಬ ಶಬ್ದವನ್ನು ಸ್ವಲ್ಪ ಬಿಡಿಸುತ್ತೇನೆ. ಕಾಲುವೆ ಎಂದ ಕೂಡಲೇ ನಮ್ಮ ಕಣ್ಣ ಮುಂದೆ ವಿಶ್ವೇಶ್ವರಯ್ಯ ಕಾಲುವೆ ಬರುತ್ತದೆ. ಎರಡು ಕಡೆ ಏರಿ, ನಡುವೆ ನೀರು, ಪಕ್ಕದಲ್ಲಿ ಕಬ್ಬು. ಇದು ಹಾಗಲ್ಲ. ಇದು ಕಡಲಿನ ತಳದಲ್ಲಿ ತೋಡುವ ಚರಂಡಿ. ಮೇಲಿನಿಂದ ನೋಡಿದರೆ ಏನೂ ಕಾಣುವುದಿಲ್ಲ, ದಾರಿಯ ಗುರುತಿಗೆ ತೇಲಿಬಿಟ್ಟ ಬುರುಡೆಗಳ ಎರಡು ಸಾಲು ಬಿಟ್ಟರೆ. ನಮ್ಮ ಕರಾವಳಿಯವರಿಗೆ ಒಂದೇ ಮಾತಿನಲ್ಲಿ ಹೇಳಬಹುದು: ಇದು ಅಳಿವೆ, ಹೊಳೆ ಕಡಲು ಸೇರುವ ಬಾಯಿ. ಗಂಗೊಳ್ಳಿಯಲ್ಲೋ ಮಂಗಳೂರಿನ ಹಳೇ ಬಂದರಿನಲ್ಲೋ ಅಳಿವೆ ಬಾಗಿಲಲ್ಲಿ ಮರಳು ಕಟ್ಟಿಕೊಂಡು ದೋಣಿ ತಾಗಿದ್ದನ್ನು ನೋಡಿದವರು ಈ ಸಭೆಯಲ್ಲಿ ಹತ್ತು ಜನರಾದರೂ ಇದ್ದೀರಿ. ಹೂಳು ತೆಗೆದರೆ ಒಂದು ಮಳೆಗಾಲ ಕಳೆಯುವುದರೊಳಗೆ ಮತ್ತೆ ತುಂಬುತ್ತದೆ. ಅಂಥ ಅಳಿವೆಯನ್ನು 167 ಕಿಲೋಮೀಟರ್ ಉದ್ದಕ್ಕೆ ಊಹಿಸಿಕೊಳ್ಳಿ.

ಈಗ ನಕಾಶೆ. ದಕ್ಷಿಣದಲ್ಲಿ ಮನ್ನಾರ್ ಕೊಲ್ಲಿ, ಆಳವಾದದ್ದು. ಉತ್ತರದಲ್ಲಿ ಪಾಕ್ ಕೊಲ್ಲಿ, ತಟ್ಟೆಯ ಹಾಗೆ. ಇವೆರಡರ ನಡುವೆ ರಾಮೇಶ್ವರದ ತುದಿ ಧನುಷ್ಕೋಟಿಯಿಂದ ಶ್ರೀಲಂಕಾದ ತಲೈಮನ್ನಾರಿನವರೆಗೆ ಮರಳುದಿಬ್ಬಗಳ ಒಂದು ಸಾಲು. ನಾವು ರಾಮಸೇತು ಎನ್ನುತ್ತೇವೆ, ಬ್ರಿಟಿಷರ ನಕಾಶೆಗಳಲ್ಲಿ ಆಡಮ್ಸ್ ಬ್ರಿಜ್. ಕೆಲವು ಕಡೆ ಮನುಷ್ಯ ಎದೆಮಟ್ಟ ನೀರಿನಲ್ಲಿ ನಿಲ್ಲಬಹುದು. ಹಡಗು ಅಲ್ಲಿ ದಾಟಲಾರದು. ಆದ್ದರಿಂದ ಪಶ್ಚಿಮ ಕರಾವಳಿಯಿಂದ ಪೂರ್ವ ಕರಾವಳಿಗೆ ಹೋಗುವ ಹಡಗು ಇಡೀ ಶ್ರೀಲಂಕಾವನ್ನು ಪ್ರದಕ್ಷಿಣೆ ಹಾಕಬೇಕು. ನಮ್ಮದೇ ದೇಶದ ಒಂದು ಬಂದರಿನಿಂದ ಇನ್ನೊಂದಕ್ಕೆ ಹೋಗಲು ಪಕ್ಕದ ಮನೆ ಸುತ್ತಿ ಬರಬೇಕಲ್ಲ ಎಂಬ ಕಿರಿಕಿರಿ ಯಾರಿಗಾದರೂ ಆಗುವಂಥದ್ದೇ.

ಆ ಕಿರಿಕಿರಿಯನ್ನು ಮೊದಲು ಕಾಗದದ ಮೇಲೆ ಇಳಿಸಿದವನು ಆಲ್ಫ್ರೆಡ್ ಡಂಡಾಸ್ ಟೇಲರ್ ಎಂಬ ನೌಕಾಧಿಕಾರಿ, 1860ರಲ್ಲಿ. ಇಸವಿ ಗಮನಿಸಿ. ಅದಕ್ಕೆ ಒಂದು ವರ್ಷ ಮುಂಚೆ ಈಜಿಪ್ಟಿನಲ್ಲಿ ಸೂಯೆಜ್ ಅಗೆಯಲು ಶುರುಮಾಡಿದ್ದರು. ಭೂಪಟದ ಯಾವ ಕುತ್ತಿಗೆ ಸಣಕಲಾಗಿ ಕಂಡರೂ ಕತ್ತರಿಸೋಣ ಎಂಬ ಹುಮ್ಮಸ್ಸಿನ ಕಾಲ ಅದು. 1869ರ ನವೆಂಬರ್ 17ಕ್ಕೆ ಸೂಯೆಜ್ ತೆರೆಯಿತು. ನಮ್ಮ ಈ ಮುಂಬೈ ಊರಿನ ಹಣೆಬರಹವೇ ಬದಲಾಯಿತು. 1875ಕ್ಕೆ ಸಸೂನ್ ಡಾಕ್, 1880ಕ್ಕೆ ಪ್ರಿನ್ಸಸ್ ಡಾಕ್, 1888ಕ್ಕೆ ವಿಕ್ಟೋರಿಯಾ ಡಾಕ್. ಇಲ್ಲಿ ಕೂತಿರುವ ನಮ್ಮ ಅಜ್ಜಂದಿರು ಊರು ಬಿಟ್ಟು ಬಂದು ಫೋರ್ಟಿನ ಹೋಟೆಲುಗಳಲ್ಲಿ ಲೋಟ ತೊಳೆದದ್ದರ ಹಿಂದೆಯೂ ಆ ಮರಳುಗಾಡಿನ ಕಾಲುವೆಯ ಪಾಲು ಸ್ವಲ್ಪ ಇದೆ ಎಂದು ನನಗೆ ಅನ್ನಿಸುತ್ತದೆ. ಬಂದರು ಬೆಳೆಯದೆ ಫೋರ್ಟ್ ಬೆಳೆಯುತ್ತಿರಲಿಲ್ಲ.

ಸೂಯೆಜ್ ಕೊಟ್ಟದ್ದೆಷ್ಟು? ಮುಂಬೈಯಿಂದ ಲಂಡನ್ನಿಗೆ ಆಫ್ರಿಕಾ ಸುತ್ತುವ ಬದಲು ನೇರ ಹೋದರೆ ಉಳಿಯುವುದು ಸುಮಾರು 4,500 ನಾಟಿಕಲ್ ಮೈಲಿ. ಗಂಟೆಗೆ 14 ಮೈಲಿಯ ಹಡಗಿಗೆ ಹದಿಮೂರು ದಿನ. ಈ ಹದಿಮೂರು ದಿನವನ್ನು ಮನಸ್ಸಿನಲ್ಲಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ.

ಟೇಲರಿನಿಂದ ಹಿಡಿದು 1922ರವರೆಗೆ ಒಟ್ಟು ಒಂಬತ್ತು ಪ್ರಸ್ತಾವನೆಗಳು ಬಂದವು. ಒಬ್ಬೊಬ್ಬರು ಒಂದೊಂದು ಕಡೆ ಗೆರೆ ಎಳೆದರು. ಪಾಂಬನ್ ದ್ವೀಪದ ಮೇಲೆ ಒಬ್ಬರು, ಸೇತುವಿನ ನಡುವೆ ಇನ್ನೊಬ್ಬರು. ಒಂದೂ ಆಗಲಿಲ್ಲ. ಅದೇ ಹೊತ್ತಿಗೆ ರೈಲಿನವರು ಉಲ್ಟಾ ಕೆಲಸ ಮಾಡುತ್ತಿದ್ದರು: 1914ರಲ್ಲಿ ಪಾಂಬನ್ ಸೇತುವೆ ತೆರೆದು ಧನುಷ್ಕೋಟಿಯವರೆಗೆ ರೈಲು ಓಡಿಸಿ, ಅಲ್ಲಿಂದ ಸ್ಟೀಮರಿನಲ್ಲಿ ತಲೈಮನ್ನಾರಿಗೆ ದಾಟಿಸಿ, ಮತ್ತೆ ರೈಲು ಹತ್ತಿಸಿ ಕೊಲಂಬೊಗೆ ಕಳಿಸುತ್ತಿದ್ದರು. ಒಬ್ಬರಿಗೆ ಅಲ್ಲಿ ಕತ್ತರಿಸಬೇಕು, ಇನ್ನೊಬ್ಬರಿಗೆ ಅಲ್ಲೇ ಜೋಡಿಸಬೇಕು.

ಸ್ವಾತಂತ್ರ್ಯ ಬಂದ ಮೇಲೆ, 1955ರಲ್ಲಿ, ಭಾರತ ಸರ್ಕಾರ ಒಂದು ಸಮಿತಿ ಮಾಡಿತು. ಅಧ್ಯಕ್ಷರು ಯಾರು ಗೊತ್ತೆ? ಎ. ರಾಮಸ್ವಾಮಿ ಮೊದಲಿಯಾರ್. (ಸಭೆಯಲ್ಲಿ ಇಬ್ಬರು ಅಜ್ಜಂದಿರು ನಕ್ಕರು. ನಗಬೇಕಾದ್ದೇ.) ಮೈಸೂರಿನ ಕೊನೆಯ ದಿವಾನರು. 1947ರ ಮೈಸೂರು ಚಲೋದಲ್ಲಿ "ಆರ್ಕಾಟ್ ಬಾಯ್‌ಕಾಟ್" ಎಂದು ಬೀದಿಬೀದಿಯಲ್ಲಿ ಕೂಗಿದರಲ್ಲ, ಇವರ ಹೆಸರಿನ 'ಎ.' ಅದೇ ಆರ್ಕಾಟ್. ಮೈಸೂರಿನವರು ಅವರನ್ನು ಪೂರ್ತಿ ಕ್ಷಮಿಸಿದ್ದಾರೋ ಇಲ್ಲವೋ, ಆದರೆ ಕಡಲಿನ ವಿಷಯದಲ್ಲಿ ಅವರ ಬುದ್ಧಿ ಚುರುಕಾಗಿತ್ತು. ಸಮಿತಿಯ ಅಭಿಪ್ರಾಯ ಹೀಗಿತ್ತು: ಕಾಲುವೆ ಮಾಡಬಹುದು, ತೂತ್ತುಕುಡಿಯ ಬಂದರಿನ ಜೊತೆಯಲ್ಲೇ ಮಾಡಬೇಕು, ಆದರೆ ಆಡಮ್ಸ್ ಬ್ರಿಜ್ ಕಡಿದು ಸಮುದ್ರದಲ್ಲೇ ದಾರಿ ಮಾಡುವ ಯೋಚನೆ ಬಿಡಿ, ನೆಲದ ಮೇಲೆ ಅಗೆಯಿರಿ. ಕಾರಣ ರಾಮನಲ್ಲ, ಮರಳು. ಅಲ್ಲಿನ ಮರಳು ಒಂದೆಡೆ ನಿಲ್ಲುವುದಿಲ್ಲ. ಐವತ್ತು ವರ್ಷದ ನಂತರ ಅಗೆಯಲು ಆರಿಸಿಕೊಂಡದ್ದು ಯಾವ ಜಾಗ? ಅದೇ ಆಡಮ್ಸ್ ಬ್ರಿಜ್.

ಬಂದರು ಮಾತ್ರ ಆಯಿತು. ಇಲ್ಲಿ ಕರಾವಳಿಯವನಾಗಿ ಒಂದು ಮಾತು ಸೇರಿಸದೆ ಇರಲಾರೆ. ತೂತ್ತುಕುಡಿ ಮತ್ತು ನಮ್ಮ ಪಣಂಬೂರಿನ ನವ ಮಂಗಳೂರು ಬಂದರು, ಎರಡೂ 1974ರಲ್ಲೇ ಮೇಜರ್ ಬಂದರುಗಳೆಂದು ಘೋಷಣೆಯಾದವು. ಮೇ ತಿಂಗಳಲ್ಲಿ ಮಂಗಳೂರು, ಜುಲೈಯಲ್ಲಿ ತೂತ್ತುಕುಡಿ. ಅಳಿವೆಯ ಮರಳಿನ ಜೊತೆ ಗುದ್ದಾಡಿ ಸಾಕಾಗಿ, ನದಿಬಾಯಿಯನ್ನು ಬಿಟ್ಟು ಪಣಂಬೂರಿನಲ್ಲಿ ಹೊಸದಾಗಿ ಅಗೆದರು. ಅದಕ್ಕಾಗಿ ದಿಲ್ಲಿಯಲ್ಲಿ ಬೆನ್ನುಬಿಡದೆ ಓಡಾಡಿದವರು ಉಳ್ಳಾಲ ಶ್ರೀನಿವಾಸ ಮಲ್ಯರು. ಮರಳಿಗೆ ಎದುರು ನಿಲ್ಲುವುದಕ್ಕಿಂತ ಪಕ್ಕಕ್ಕೆ ಸರಿಯುವುದು ವಾಸಿ ಎಂದು ಮಂಗಳೂರಿನಲ್ಲಿ ಅರ್ಥವಾಗಿತ್ತು.

1960ರ ದಶಕದಲ್ಲಿ, 80ರಲ್ಲಿ, 90ರಲ್ಲಿ ಮತ್ತೆ ಮತ್ತೆ ಸಮಿತಿಗಳು. ಅವುಗಳ ಕಥೆ ಹೇಳಿದರೆ ನೀವು ಉಪ್ಪಿಟ್ಟಿನ ಕಡೆಗೆ ಎದ್ದು ಹೋಗುತ್ತೀರಿ. ಪ್ರತಿ ವರದಿಯಲ್ಲಿ ಖರ್ಚು ಏರಿತು ಎಂದಷ್ಟೇ ಇಟ್ಟುಕೊಳ್ಳಿ. ಆದರೆ ತಮಿಳುನಾಡಿನಲ್ಲಿ ಅದು ಬರೇ ಯೋಜನೆಯಾಗಿ ಉಳಿಯಲಿಲ್ಲ, ಆಸೆಯಾಯಿತು. 1967ರಲ್ಲಿ ಅಣ್ಣಾದೊರೈ ಅದಕ್ಕಾಗಿ ಒಂದು ದಿನವನ್ನೇ ಮೀಸಲಿಟ್ಟು ರಾಜ್ಯದುದ್ದಕ್ಕೂ ಆಚರಿಸಿದರು. ನೂರು ವರ್ಷ ಕಾದ ಆಸೆಯನ್ನು ಲೆಕ್ಕ ಕೇಳುವುದು ಕಷ್ಟ. ಮನೆಯಲ್ಲಿ ಅಜ್ಜಿ ಕಾಶಿಗೆ ಹೋಗಬೇಕೆಂದಾಗ ಯಾರಾದರೂ ಟಿಕೆಟ್ಟಿನ ದರ ಹೇಳುತ್ತಾರೆಯೇ?

ಕೊನೆಗೆ 2005ರ ಜುಲೈ 2ರಂದು ಮದುರೆಯಲ್ಲಿ ಪ್ರಧಾನಿ ಮನಮೋಹನ್ ಸಿಂಗ್ ಕೆಲಸಕ್ಕೆ ಚಾಲನೆ ಕೊಟ್ಟರು. ಅಂದಾಜು 2,427 ಕೋಟಿ ರೂಪಾಯಿ. ಅದರಲ್ಲಿ 971 ಕೋಟಿ ಬಂಡವಾಳ, ಉಳಿದದ್ದು ಸಾಲ. ಆ ಸಾಲದ ಪಾಲನ್ನು ಮರೆಯಬೇಡಿ. ಕಾಲುವೆಯ ತಳ 300 ಮೀಟರ್ ಅಗಲ, ಆಳ 12 ಮೀಟರ್. 167 ಕಿಲೋಮೀಟರಿನಲ್ಲಿ 35 ಆಡಮ್ಸ್ ಬ್ರಿಜ್ ಕಡೆಗೆ, 54 ಉತ್ತರದ ಪಾಕ್ ಜಲಸಂಧಿಯಲ್ಲಿ ಅಗೆಯುವುದು. ನಡುವಿನ 78ರಲ್ಲಿ ನೀರು ತಾನಾಗಿಯೇ ಸಾಕಷ್ಟು ಇದೆ. ತೆಗೆಯಬೇಕಾದ ಹೂಳು 8.25 ಕೋಟಿ ಘನ ಮೀಟರ್. ಲಾರಿಗೆ ಹತ್ತು ಘನ ಮೀಟರಿನಂತೆ ತುಂಬಿದರೆ ಎಂಬತ್ತೆರಡೂವರೆ ಲಕ್ಷ ಲಾರಿ. ಈಸ್ಟರ್ನ್ ಎಕ್ಸ್‌ಪ್ರೆಸ್ ಹೈವೇಯಲ್ಲಿ ಒಂದು ಲಾರಿ ಕೆಟ್ಟು ನಿಂತರೆ ಏನಾಗುತ್ತದೆಂದು ಗೊತ್ತಿರುವವರಿಗೆ ಈ ಅಂಕಿಯ ತೂಕ ತಿಳಿಯುತ್ತದೆ.

ಹೂಳು ತೆಗೆಯುವ ಹಡಗು, ಡ್ರೆಜರಿನಲ್ಲಿ ಎರಡು ಜಾತಿ. ಒಂದು ನಡೆಯುತ್ತಲೇ ಕೊಳವೆಯನ್ನು ತಳಕ್ಕೆ ಬಿಟ್ಟು, ವ್ಯಾಕ್ಯೂಮ್ ಕ್ಲೀನರಿನಂತೆ ಮರಳನ್ನು ಹೀರಿ ಹೊಟ್ಟೆಗೆ ತುಂಬಿಕೊಂಡು, ದೂರ ಹೋಗಿ ಸುರಿದು ಬರುವಂಥದ್ದು. ಮುಂಬೈ ಬಂದರಿನ ಬಾಯಲ್ಲಿ ನೀವು ನೋಡುವುದು ಹೆಚ್ಚಾಗಿ ಇದನ್ನೇ. ಭಾವುಚಾ ಧಕ್ಕಾದಿಂದ ಲಾಂಚಿನಲ್ಲಿ ಹೋಗುವಾಗ ಕಂದು ನೀರು ಸುರಿಸುತ್ತಾ ಆನೆಯಂತೆ ತೇಲುವ ಹಡಗು ಕಂಡರೆ ಅದೇ. ಇನ್ನೊಂದು ಗಟ್ಟಿ ತಳಕ್ಕೆ. ಅದು ಸ್ಪಡ್ ಎನ್ನುವ ಉಕ್ಕಿನ ಕಂಬವನ್ನು ತಳಕ್ಕೆ ಊರಿ ನಿಂತು, ಹಲ್ಲಿರುವ ತಲೆಯನ್ನು ತಿರುಗಿಸಿ ಕಡಿಯುತ್ತದೆ. ಆಡಮ್ಸ್ ಬ್ರಿಜ್ ಹತ್ತಿರ ಈ ಎರಡನೆಯದನ್ನೇ ಇಳಿಸಿದರು. ಕೆಲಸದ ನಡುವೆ ಅದರ ಸ್ಪಡ್ಡೇ ಮುರಿದು ಕಡಲ ಪಾಲಾಯಿತು. ಭಕ್ತರು ಅದನ್ನು ಹನುಮಂತನ ಲೆಕ್ಕಕ್ಕೆ ಹಾಕಿದರು. ನಾನು ಲೋಹದ ಲೆಕ್ಕಕ್ಕೆ ಹಾಕುತ್ತೇನೆ, ಆದರೆ ಇದಕ್ಕಾಗಿ ಜಗಳ ಮಾಡುವುದಿಲ್ಲ.

ನಮ್ಮ ಭಾಷೆಯಲ್ಲಿ ಅಳಿಲುಸೇವೆ ಎನ್ನುತ್ತೇವೆ. ಅಳಿಲು ಮೈಗೆ ಮರಳು ಅಂಟಿಸಿಕೊಂಡು ಬಂದು ಸೇತುವೆಯ ಮೇಲೆ ಕೊಡವಿತಂತೆ. ಆ ಅಳಿಲುಗಳು ಇನ್ನೂ ಕೆಲಸ ಬಿಟ್ಟಿಲ್ಲ. ನೈಋತ್ಯ ಮಾರುತದ ತಿಂಗಳುಗಳಲ್ಲಿ ಒಂದು ದಿಕ್ಕಿಗೆ, ಈಶಾನ್ಯ ಮಾರುತದಲ್ಲಿ ಇನ್ನೊಂದು ದಿಕ್ಕಿಗೆ ಅಲ್ಲಿನ ಪ್ರವಾಹ ಮರಳು ಹೊರುತ್ತದೆ. ನಡುವೆ ಚಂಡಮಾರುತ. 1964ರ ಡಿಸೆಂಬರ್ 22ರ ರಾತ್ರಿ ಬಂದದ್ದು ಧನುಷ್ಕೋಟಿ ಊರನ್ನೇ ಅಳಿಸಿತು, ಪ್ಯಾಸೆಂಜರ್ ರೈಲೊಂದನ್ನು ನೂರಕ್ಕೂ ಹೆಚ್ಚು ಜನರ ಸಮೇತ ಎಳೆದುಕೊಂಡಿತು. ಇಂಥ ಜಾಗದಲ್ಲಿ ಅಗೆದ ಗುಂಡಿಯನ್ನು ಒಮ್ಮೆ ಅಗೆದು ಬಿಟ್ಟರೆ ಆಗಲಿಲ್ಲ, ವರ್ಷಾ ವರ್ಷ ಅಗೆಯುತ್ತಿರಬೇಕು. ಹೊಳೆಯಲ್ಲಿ ಹುಣಸೆಹಣ್ಣು ತೊಳೆಯುವುದೆಂದರೆ ಇದೇ. ನಮ್ಮ ಮುಂಬೈಯಲ್ಲೂ ಮಳೆಗಾಲ ಮುಗಿದ ಕೂಡಲೇ ಡ್ರೆಜರ್ ಬರುತ್ತದೆ. ಆದರೆ ಇಲ್ಲಿ ಆ ಖರ್ಚನ್ನು ಹೊರಲು ಬಂದರಿನ ಗಿಜಿಗಿಜಿ ವ್ಯಾಪಾರ ಇದೆ.

ಈಗ ದಾರ ತೆಗೆಯುತ್ತೇನೆ. (ಮುಂದಿನ ಸಾಲಿನಲ್ಲಿದ್ದ ಒಬ್ಬ ಹುಡುಗಿ ಬಂದು ನಕಾಶೆಯ ಒಂದು ತುದಿ ಹಿಡಿದಳು. ಓದುವವರು ಮನೆಯಲ್ಲಿ ಮಕ್ಕಳ ಅಟ್ಲಾಸ್ ಇಟ್ಟುಕೊಂಡು ಮಾಡಿ ನೋಡಬಹುದು.)

ಸರ್ಕಾರ ಹೇಳಿದ್ದು: ಗರಿಷ್ಠ 424 ನಾಟಿಕಲ್ ಮೈಲಿ ಉಳಿತಾಯ, ಗರಿಷ್ಠ 30 ಗಂಟೆ. ಸುಳ್ಳಲ್ಲ. 424ನ್ನು 14ರಿಂದ ಭಾಗಿಸಿ, 30 ಬರುತ್ತದೆ. ಆದರೆ ಆ 'ಗರಿಷ್ಠ' ಯಾರಿಗೆ? ದಾರದ ಒಂದು ತುದಿ ತೂತ್ತುಕುಡಿಯ ಮೇಲೆ, ಇನ್ನೊಂದು ಚೆನ್ನೈ ಮೇಲೆ ಇಡಿ. ಲಂಕೆ ಸುತ್ತಿ ಅಳೆಯಿರಿ, ಆಮೇಲೆ ಸೇತುವಿನ ನಡುವೆ ಹಾಯಿಸಿ ಅಳೆಯಿರಿ. ಅರ್ಧಕ್ಕಿಂತ ಹೆಚ್ಚು ದಾರ ಕೈಯಲ್ಲಿ ಉಳಿಯುತ್ತದೆ. ಆ ಹಡಗಿಗೆ ನಿಜಕ್ಕೂ ಲಾಭ.

ಈಗ ತುದಿಯನ್ನು ತೂತ್ತುಕುಡಿಯಿಂದ ಎತ್ತಿ ಸೂಯೆಜ್ ಕಡೆಗೆ, ಏಡನ್ನಿನ ಮೇಲೆ ಇಡಿ. ಇನ್ನೊಂದನ್ನು ಕೋಲ್ಕತ್ತಾದ ಮೇಲೆ. ಏಡನ್ನಿನಿಂದ ಬರುವ ಹಡಗು ಕನ್ಯಾಕುಮಾರಿಯನ್ನು ಮುಟ್ಟುವುದೇ ಇಲ್ಲ, ಓರೆಯಾಗಿ ಲಂಕೆಯ ಬುಡಕ್ಕೇ ಹೋಗುತ್ತದೆ. ಕಾಲುವೆಗೆ ಹೋಗಬೇಕಾದರೆ ಅದು ತನ್ನ ದಾರಿ ಬಿಟ್ಟು ಮೇಲಕ್ಕೆ ಬರಬೇಕು. ಉಳಿಯುವ ದಾರ ಸುಮಾರು ಅರ್ಧಕ್ಕೆ ಇಳಿಯಿತು, ನೋಡಿ: 200 ಮೈಲಿಯ ಆಸುಪಾಸು. ಈಗ ತುದಿಯನ್ನು ಮಾರಿಷಸ್ ಮೇಲೆ ಇಡಿ, ಗುಡ್ ಹೋಪ್ ಭೂಶಿರದ ಕಡೆಯಿಂದ ಬರುವ ಹಡಗು ಅಂದುಕೊಳ್ಳಿ. ಉಳಿಯುವುದು ಒಂದು ಉಗುರಿನಷ್ಟು. ಅಷ್ಟೇ! ದೂರದಿಂದ ಬಂದಷ್ಟೂ ಲಂಕೆ ಅಡ್ಡಿಯಾಗುವುದು ಕಡಿಮೆ.

200 ಮೈಲಿ ಉಳಿಸುವ ಹಡಗನ್ನೇ ತೆಗೆದುಕೊಳ್ಳೋಣ. 14ರ ವೇಗದಲ್ಲಿ ಹದಿನಾಲ್ಕೂ ಚಿಲ್ಲರೆ ಗಂಟೆ. ಇಲ್ಲಿಂದ ಮುಂದೆ ಬಿಲ್ಲು ಬರೆಯುವವನ ಕೆಲಸ. ಕಾಲುವೆಯೊಳಗೆ 14ರಲ್ಲಿ ಓಡಿಸಲು ಬರುವುದಿಲ್ಲ. ಕಡಿಮೆ ನೀರಿನಲ್ಲಿ ಜೋರಾಗಿ ಹೋದರೆ ಹಡಗಿನ ಬುಡ ಕೆಳಕ್ಕೆ ಕುಗ್ಗುತ್ತದೆ, ಚುಕ್ಕಾಣಿ ಮಾತು ಕೇಳುವುದಿಲ್ಲ. 8 ಅಂತ ಇಡಿ. 167 ಕಿಲೋಮೀಟರ್ ಎಂದರೆ 90 ನಾಟಿಕಲ್ ಮೈಲಿ. 14ರಲ್ಲಾದರೆ ಆರೂವರೆ ಗಂಟೆ ಸಾಕಾಗುತ್ತಿದ್ದದ್ದು, 8ರಲ್ಲಿ ಹನ್ನೊಂದು ಕಾಲು. ಐದು ಗಂಟೆ ಹೋಯಿತು. ಪೈಲಟ್ ಹತ್ತಬೇಕು, ಇಳಿಯಬೇಕು, ಸರದಿ ಕಾಯಬೇಕು. ಎರಡು ಮೂರು ಗಂಟೆ ಅಂತ ನಾನು ಧಾರಾಳವಾಗಿ ಕಡಿಮೆ ಹೇಳುತ್ತಿದ್ದೇನೆ. ಪೈಲಟ್ ಲಾಂಚಿಗಾಗಿ ಅರ್ಧ ದಿನ ಕಾದ ಹಡಗುಗಳ ಬಿಲ್ಲು ಬರೆದ ಕೈ ಇದು. ಉಳಿದದ್ದು ಆರೇಳು ಗಂಟೆ. ಅದರ ಎಣ್ಣೆ ಮತ್ತು ಬಾಡಿಗೆಯ ಹಣಕ್ಕಿಂತ ಕಾಲುವೆಯ ಸುಂಕ, ಪೈಲಟ್ ಫೀ ಎರಡೂ ಸೇರಿ ಕಡಿಮೆ ಇದ್ದರೆ ಮಾತ್ರ ನನ್ನ ಗ್ರೀಕ್ ಮಾಲಿಕ ಅತ್ತ ತಿರುಗುತ್ತಾನೆ. ಸುಂಕ ಕಡಿಮೆ ಇಟ್ಟರೆ ಸಾಲದ ಬಡ್ಡಿ ಹುಟ್ಟುವುದಿಲ್ಲ. ಹೆಚ್ಚು ಇಟ್ಟರೆ ಹಡಗು ಹುಟ್ಟುವುದಿಲ್ಲ.

ಸೂಯೆಜ್ ಹದಿಮೂರು ದಿನ ಕೊಟ್ಟಿತ್ತು. ಅದಕ್ಕೆ ಎಷ್ಟು ಸುಂಕ ಕೇಳಿದರೂ ಹಡಗಿನವನು ಗೊಣಗುತ್ತಾ ಕೊಡುತ್ತಾನೆ. ಆರು ಗಂಟೆಗೆ ಯಾರೂ ಗೊಣಗುವ ಕಷ್ಟವನ್ನೂ ತೆಗೆದುಕೊಳ್ಳುವುದಿಲ್ಲ, ಸುಮ್ಮನೆ ಲಂಕೆ ಸುತ್ತುತ್ತಾನೆ. ಅದರ ಮೇಲೆ 2008ರ ನಂತರ ಎಣ್ಣೆ ಉಳಿಸಲು ಹಡಗಿನವರೇ ಬೇಕೆಂದು ನಿಧಾನ ಹೋಗತೊಡಗಿದರು. ಗಂಟೆಗಳನ್ನು ತಾವಾಗಿ ಕಳೆಯುವವರಿಗೆ ಗಂಟೆ ಮಾರಲು ಹೊರಟಂತಾಯಿತು.

ಈ ಲೆಕ್ಕ ನಾನೊಬ್ಬನೇ ಹಾಕಿದ್ದಲ್ಲ. ನೌಕಾದಳದಿಂದ ನಿವೃತ್ತರಾದ ಕ್ಯಾಪ್ಟನ್ ಎಚ್. ಬಾಲಕೃಷ್ಣನ್, ಅರ್ಥಶಾಸ್ತ್ರದ ಕಡೆಯಿಂದ ಜೇಕಬ್ ಜಾನ್, 2007ರ ಹೊತ್ತಿಗೇ ಬರೆದು ಎಚ್ಚರಿಸಿದ್ದರು. ಸುನಾಮಿ ತಜ್ಞ ಟ್ಯಾಡ್ ಮೂರ್ತಿ ಕಾಲುವೆಯ ದಿಕ್ಕಿನ ಬಗ್ಗೆಯೇ ಆಕ್ಷೇಪ ಎತ್ತಿದ್ದರು. 2004ರ ಡಿಸೆಂಬರಿನ ಸುನಾಮಿ ಆಗಿ ಆಗಷ್ಟೇ ಆರು ತಿಂಗಳು ತುಂಬಿತ್ತು ಕೆಲಸ ಶುರುವಾದಾಗ. ಇವರ ಮಾತು ಯಾರ ಕಿವಿಗೆ ಬೀಳಬೇಕಿತ್ತು? ಅಷ್ಟರಲ್ಲಿ ಜಗಳ ಬೇರೆ ಕಡೆ ಹೊತ್ತಿಕೊಂಡಿತು.

2007ರ ಆಗಸ್ಟ್ 31ಕ್ಕೆ ಸುಪ್ರೀಂ ಕೋರ್ಟು ಆಡಮ್ಸ್ ಬ್ರಿಜ್‌ಗೆ ಧಕ್ಕೆಯಾಗಬಾರದು ಎಂದು ಮಧ್ಯಂತರ ಆದೇಶ ಕೊಟ್ಟಿತು. ಸೆಪ್ಟೆಂಬರಿನಲ್ಲಿ ಪುರಾತತ್ವ ಇಲಾಖೆಯ ಪ್ರಮಾಣಪತ್ರ ಬಂತು: ರಾಮಾಯಣದ ಪಾತ್ರಗಳು ಇದ್ದವು ಎನ್ನಲು ಚಾರಿತ್ರಿಕ ಆಧಾರ ಇಲ್ಲ ಎಂದು. ದೇಶಕ್ಕೆ ದೇಶವೇ ಎದ್ದು ಕೂತಿತು. ಎರಡು ದಿನದಲ್ಲಿ ಸರ್ಕಾರ ಅದನ್ನು ಹಿಂದಕ್ಕೆ ಪಡೆಯಿತು. ನನ್ನನ್ನು ಕೇಳಿದರೆ ಆ ಕಾಗದ ಬರೆದವರಿಗೆ ಪ್ರಶ್ನೆಯೇ ಅರ್ಥವಾಗಿರಲಿಲ್ಲ. ರಾಮೇಶ್ವರಕ್ಕೆ ಹೋಗಿ ಬಂದ ನನ್ನ ತಾಯಿ ಅಲ್ಲಿನ ಮರಳನ್ನು ಡಬ್ಬಿಯಲ್ಲಿ ತಂದು ದೇವರ ಗೂಡಿನಲ್ಲಿಟ್ಟಿದ್ದರು. ಅವರಿಗೆ ಪ್ರಮಾಣಪತ್ರ ಬೇಕಿರಲಿಲ್ಲ. ಸರ್ಕಾರ ಕೋರ್ಟಿಗೆ ಕೊಡಬೇಕಾಗಿದ್ದುದು ಹಡಗಿನ ಲೆಕ್ಕ. ಕೊಟ್ಟದ್ದು ಇತಿಹಾಸದ ಪಾಠ.

ನನಗೆ ಬೇಸರವಾಗುವುದು ಇಲ್ಲಿ. ಆ ಜಗಳ ಯೋಜನೆಯನ್ನು ನಿಲ್ಲಿಸಿತು ಎನ್ನುತ್ತಾರೆ. ಅದು ಯೋಜನೆಯ ಮಾನ ಉಳಿಸಿತು ಎಂದು ನಾನು ಹೇಳುತ್ತೇನೆ. ಅಗೆದು ಮುಗಿಸಿ, ಹಡಗು ಬಾರದೆ, ಡ್ರೆಜರಿಗೆ ದುಡ್ಡಿಲ್ಲದೆ ಮರಳು ತುಂಬಿದ್ದರೆ ಯಾರ ಮೇಲೆ ತಪ್ಪು ಹಾಕುತ್ತಿದ್ದರು? ಈಗ ರಾಮನ ಹೆಸರಿದೆ. ಬೆಂಬಲಿಗರಿಗೆ ನೆಪ ಸಿಕ್ಕಿತು, ವಿರೋಧಿಗಳಿಗೆ ಜಯ ಸಿಕ್ಕಿತು, ಲೆಕ್ಕದ ಪುಸ್ತಕ ತೆರೆಯುವ ಅಗತ್ಯ ಇಬ್ಬರಿಗೂ ಬೀಳಲಿಲ್ಲ. ಏಳುನೂರು ಕೋಟಿಗೂ ಮಿಕ್ಕಿ ಖರ್ಚಾಗಿತ್ತು. ಆ ಹಣ ಈಗ ಪಾಕ್ ಜಲಸಂಧಿಯ ತಳದಲ್ಲಿದೆ, ಮರಳಿನ ಕೆಳಗೆ.

ಆಮೇಲಿನದನ್ನು ಓಡಿಸಿಬಿಡುತ್ತೇನೆ. ಆರ್.ಕೆ. ಪಚೌರಿ ಸಮಿತಿ ಧನುಷ್ಕೋಟಿಯ ಮೇಲೆ ಹೋಗುವ ಬದಲಿ ದಾರಿಯನ್ನು ನೋಡಿ, ಪರಿಸರಕ್ಕೂ ಒಳ್ಳೆಯದಲ್ಲ, ಹಣಕಾಸಿಗೂ ಒಳ್ಳೆಯದಲ್ಲ ಎಂದಿತು. 2013ರಲ್ಲಿ ಸರ್ಕಾರ ಆ ವರದಿಯನ್ನು ಒಪ್ಪಲಿಲ್ಲ. 2018ರಲ್ಲಿ ಮುಂದಿನ ಸರ್ಕಾರ ರಾಮಸೇತುವನ್ನು ಮುಟ್ಟುವುದಿಲ್ಲ ಎಂದು ಕೋರ್ಟಿಗೆ ಹೇಳಿತು. 2023ರ ಜನವರಿಯಲ್ಲಿ ತಮಿಳುನಾಡು ವಿಧಾನಸಭೆ ಯೋಜನೆ ಬೇಕೇ ಬೇಕು ಎಂದು ನಿರ್ಣಯ ಮಾಡಿತು.

ಇಂಥ ಕಾಲುವೆ ಇದೊಂದೇ ಅಲ್ಲ ಎಂಬ ಸಮಾಧಾನ ಬೇಕಾದರೆ ಇದೆ. ಥಾಯ್ಲೆಂಡಿನ ಕ್ರಾ ಕುತ್ತಿಗೆಯಲ್ಲಿ ಕಾಲುವೆ ತೋಡುವ ಮಾತು ಹದಿನೇಳನೆಯ ಶತಮಾನದಿಂದ ನಡೆದಿದೆ. ಅಲ್ಲಿ ತಡೆದದ್ದು ಸಿಂಗಾಪುರದ ವ್ಯಾಪಾರಕ್ಕೆ ಕುತ್ತು ಬರುತ್ತದೆಂದು ಹೆದರಿದ ಬ್ರಿಟಿಷರು. 1946ರ ಒಪ್ಪಂದದಲ್ಲಿ ತಮ್ಮನ್ನು ಕೇಳದೆ ತೋಡಬಾರದು ಎಂದು ಬರೆಸಿಕೊಂಡರು. ನಿಕರಾಗುವಾದಲ್ಲಿ 2013ರಲ್ಲಿ ಒಬ್ಬ ಚೀನೀ ಉದ್ಯಮಿಯ ಕಂಪನಿಗೆ ಗುತ್ತಿಗೆ ಕೊಟ್ಟು, ಮರುವರ್ಷ ಭೂಮಿಪೂಜೆಯೂ ಆಗಿ, 2024ರಲ್ಲಿ ರದ್ದು ಮಾಡಿದರು. ಅಲ್ಲಿ ರಾಮನೂ ಇರಲಿಲ್ಲ.

ಪರಿಸರದ ಮಾತಿಗೆ ಬರಲಿಲ್ಲ ಎಂದು ಹಿಂದಿನ ಸಾಲಿನಿಂದ ಒಬ್ಬ ಅಕ್ಕ ಕೈ ಎತ್ತಿದರು. ಬರುತ್ತೇನಕ್ಕಾ. ಮನ್ನಾರ್ ಕೊಲ್ಲಿಯಲ್ಲಿ 21 ದ್ವೀಪಗಳ ಸುತ್ತ ಹವಳದ ದಿಬ್ಬಗಳಿವೆ, 1986ರಿಂದ ರಾಷ್ಟ್ರೀಯ ಉದ್ಯಾನ. ಪಾಕ್ ಕೊಲ್ಲಿಯಲ್ಲಿ ಕಡಲಹಸು ಇದೆ, ನೀರಡಿಯ ಹುಲ್ಲು ಮೇಯುವ ಪಾಪದ ಪ್ರಾಣಿ. 2022ರಲ್ಲಿ ಅದಕ್ಕಾಗಿ 448 ಚದರ ಕಿಲೋಮೀಟರ್ ಮೀಸಲಿಟ್ಟಿದ್ದಾರೆ. ಡ್ರೆಜರ್ ಎಬ್ಬಿಸುವ ಕೆಸರು ಬಿಸಿಲನ್ನು ತಡೆದರೆ ಹುಲ್ಲೂ ಇಲ್ಲ, ಹವಳವೂ ಇಲ್ಲ. ಮೀನುಗಾರರ ಮಾತು ಇನ್ನೂ ಹತ್ತಿರದ್ದು. ಅಲ್ಲಿ ಕಡಲನ್ನು ಈಗಲೇ ವಾರದ ಲೆಕ್ಕದಲ್ಲಿ ಹಂಚಿಕೊಂಡಿದ್ದಾರೆ: ಮೂರು ದಿನ ಟ್ರಾಲರ್, ನಾಲ್ಕು ದಿನ ನಾಡದೋಣಿ. ಅದರ ನಡುವೆ ಹಡಗಿನ ದಾರಿ ಬಂದರೆ ಬಲೆ ಎಲ್ಲಿ ಬಿಡುವುದು? ಇಲ್ಲೇ ಉರಣ್, ಕರಂಜಾ ಕಡೆಯ ಕೋಳಿ ಎಂಬ ಮೀನುಗಾರ ಸಮುದಾಯದವರನ್ನು ಕೇಳಿ. ಗೂಟ ನೆಟ್ಟು ಡೋಲ್ ಬಲೆ ಕಟ್ಟುವವರು ಅವರು. ಹಡಗಿನ ದಾರಿಗೂ ಬಲೆಯ ಗೂಟಕ್ಕೂ ಎಷ್ಟು ಸ್ನೇಹ ಎಂದು ಚೆನ್ನಾಗಿ ಹೇಳುತ್ತಾರೆ.

ಇನ್ನೊಬ್ಬರ ಪ್ರಶ್ನೆ: ಈಗಲಾದರೂ ಮಾಡಿದರೆ? 12 ಮೀಟರ್ ಆಳದಲ್ಲಿ ಹೋಗಬಲ್ಲದ್ದು ಸುಮಾರು 30,000 ಟನ್ನಿನ ಹಡಗು. 2025ರ ಜೂನಿನಲ್ಲಿ ಕೇರಳದ ವಿಳಿಂಜಂ ಬಂದರಿಗೆ ಎಂ.ಎಸ್.ಸಿ. ಐರೀನಾ ಬಂತು, 24,346 ಕಂಟೇನರ್ ಡಬ್ಬಿ ಹಿಡಿಸುವ ಹಡಗು. ವಿಳಿಂಜಂನಲ್ಲಿ ಕಡಲು ತಾನಾಗಿಯೇ 18–20 ಮೀಟರ್ ಆಳ. ಅಲ್ಲಿ ಇಳಿಸಿದ ಡಬ್ಬಿಗಳನ್ನು ಚೆನ್ನೈಗೆ ಒಯ್ಯುವ ಸಣ್ಣ ಹಡಗುಗಳಿಗೆ ಕಾಲುವೆ ಬೇಕಲ್ಲ ಎಂದರೆ ಅದು ಒಳ್ಳೆಯ ಪ್ರಶ್ನೆ, ಒಪ್ಪುತ್ತೇನೆ. ಆ ಹಡಗುಗಳಿಗೆ ಉಳಿತಾಯ ಹೆಚ್ಚು. ದಾರ ಹಿಡಿದು ನೋಡಿದರೆ ಸುಮಾರು 300 ಮೈಲಿಯ ಮೇಲೆ. ಆದರೆ ಅವು ವರ್ಷಕ್ಕೆ ಎಷ್ಟು ಬಂದರೆ ಆ ಅಳಿಲುಗಳ ಸಂಬಳ ಹುಟ್ಟುತ್ತದೆ ಎಂಬ ಲೆಕ್ಕವನ್ನು ಮೊದಲು ತೋರಿಸಲಿ.

ಕೊನೆಗೆ ಒಬ್ಬರು ಅಜ್ಜ ಎದ್ದು ನಿಂತರು. ಮಲ್ಪೆ ಕಡೆಯವರು, ಒಂದು ಕಾಲದಲ್ಲಿ ಬೋಟು ನಡೆಸುವ ತಂಡೇಲರಾಗಿದ್ದವರು. "ಅಲ್ಲ ಮಾರಾಯ್ರೆ, ನಾವು ಒಂದ್ ಸಲ ಬೋಟ್ ತಗೊಂಡು ಆಚೆ ಹೋದದ್ದುಂಟಲ್ಲ, ಪಾಂಬನ್‌ನಲ್ಲಿ. ಲಂಕೆ ಸುತ್ತಲಿಲ್ಲ" ಅಂದರು.

ಅವರು ಹೇಳಿದ್ದು ಸರಿ. ಪಾಂಬನ್ ಸೇತುವೆಯ ಕೆಳಗೆ ಒಂದು ಸಪೂರ ದಾರಿ ಹಿಂದಿನಿಂದಲೂ ಇದೆ. ಟಗ್ಗು, ಬಾರ್ಜು, ಮೀನಿನ ಬೋಟು ಅಲ್ಲಿ ಹೋಗುತ್ತವೆ. ಮೊದಲು ಸೇತುವೆಯ ನಡುಭಾಗ ಎರಡು ರೆಕ್ಕೆಯಂತೆ ತೆರೆದುಕೊಳ್ಳುತ್ತಿತ್ತು. 2025ರ ಏಪ್ರಿಲಿನಲ್ಲಿ ತೆರೆದ ಹೊಸ ಸೇತುವೆಯಲ್ಲಿ 72.5 ಮೀಟರಿನ ನಡುಭಾಗ ಲಿಫ್ಟಿನ ಹಾಗೆ 17 ಮೀಟರ್ ಮೇಲೆ ಹೋಗುತ್ತದೆ.

"ಎಷ್ಟು ಹೊತ್ತು ಕಾಯಿಸಿದರು ಅಜ್ಜ?" ಎಂದು ಕೇಳಿದೆ.

"ಎರಡು ದಿನ. ಸೇತುವೆ ತೆಗೆಯುವವ ಬರ್ಬೇಕಲ್ಲ" ಅಂದರು.